ಒಂದೇ ಮನೆಯಲ್ಲಿ ಇಬ್ಬರು ಬಸುರಿಯರು: ಚಿಕ್ಕವಳಿಗೇ ಯಾಕೆ ರಕ್ತ ಕಡಿಮೆ?

ಪ್ರಶ್ನೆ: ಡಾಕ್ಟರಮ್ಮನವರೇ, ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಹೊಳೆಯ ದಂಡೆಯ ಊರು. ಮನೆಯಲ್ಲಿ ಈಗ ಇಬ್ಬರು ಬಸುರಿಯರಿದ್ದಾರೆ. ಸೊಸೆಗೆ 19 ವರ್ಷ, ಚೊಚ್ಚಲು, ಐದು ತಿಂಗಳು ತುಂಬಿದೆ. ಮಗಳಿಗೆ 32, ಎರಡನೆಯದು, ಏಳು ತುಂಬಿದೆ. ಮೂರು ವರ್ಷದ ಮಗನನ್ನು ಕರೆದುಕೊಂಡು ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದಾಗ ಮಗಳ ಎಚ್‌ಬಿ 9.1, ಸೊಸೆಯದು 8.4 ಬಂತು. ಇಬ್ಬರಿಗೂ ಅದೇ ಅನ್ನ, ಅದೇ ಮೀನು, ಅದೇ ಸೊಪ್ಪು. ಹಾಗಿರುವಾಗ ಗಟ್ಟಿಯಾಗಿರಬೇಕಾದ ಚಿಕ್ಕವಳಿಗೇ ಯಾಕೆ ಕಡಿಮೆ? ಕೆಂಪು ಮಾತ್ರೆ ತೆಗೆದುಕೊಂಡರೆ ಅವಳಿಗೆ ವಾಂತಿ ಬರುತ್ತದೆ, ಮಲ ಕಪ್ಪಗೆ ಹೋಗುತ್ತದೆ. ಹೆದರಿ ಬಿಟ್ಟುಬಿಟ್ಟಿದ್ದಾಳೆ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ನೆರೆಮನೆಯವರೂ ಹೇಳುತ್ತಾರೆ. ನಾನು ಬೀಟ್‌ರೂಟ್, ದಾಳಿಂಬೆ, ಖರ್ಜೂರ ಕೊಡುತ್ತಿದ್ದೇನೆ. ಅಷ್ಟು ಸಾಲದೇ? ಮಗಳಿಗೆ ಬಾಟಲಿ ಹಾಕಿಸಿ ಎಂದು ಒಬ್ಬರು ಹೇಳಿದರು. ಹಾಕಿಸಬಹುದೇ?

ಉತ್ತರ: ಅಮ್ಮ, ನಿಮ್ಮ ಪತ್ರ ಓದುತ್ತ ನಾನು ಮೊದಲು ಮಾಡಿದ್ದು ವಾರಗಳ ಲೆಕ್ಕ. ಏಳು ತುಂಬಿದೆ ಎಂದರೆ ಸುಮಾರು 30 ವಾರ, ಮಗಳ ಕೈಯಲ್ಲಿ ಇನ್ನು ಹತ್ತು ವಾರ ಉಳಿದಿದೆ. ಐದು ತುಂಬಿದ ಸೊಸೆಗೆ 18 ವಾರ ಉಳಿದಿದೆ. ಕಬ್ಬಿಣದ ಮಾತ್ರೆಯನ್ನು ಸರಿಯಾಗಿ ನುಂಗಿದರೆ ಹಿಮೋಗ್ಲೋಬಿನ್ (ನೀವು ಬರೆದ ಎಚ್‌ಬಿ, ನೂರು ಮಿಲಿಲೀಟರ್ ರಕ್ತಕ್ಕೆ ಇಷ್ಟು ಗ್ರಾಂ ಎಂಬ ಲೆಕ್ಕ) ತಿಂಗಳಿಗೆ ಹೆಚ್ಚುಕಡಿಮೆ ಒಂದು ಗ್ರಾಂ ಏರುತ್ತದೆ. ಹೆರಿಗೆಯ ಹೊತ್ತಿಗೆ ಇಬ್ಬರೂ 11 ಮುಟ್ಟಬೇಕು. ಸೊಸೆಗೆ ಎರಡೂವರೆ ಗ್ರಾಂ ಏರಬೇಕಾಗಿದೆ. ಅದಕ್ಕೆ ಸಮಯ ಇದೆ, ಆದರೆ ‘ಮುಂದಿನ ವಾರದಿಂದ ನೋಡೋಣ’ ಎನ್ನುವಷ್ಟು ಇಲ್ಲ. ಮಗಳಿಗೆ ಎರಡು ಗ್ರಾಂ ಏರಬೇಕು, ಅವಳ ಸಮಯ ಬಿಗಿಯಾಗಿದೆ. ಮುಂದೆ ನಾನು ಹೇಳುವುದೆಲ್ಲ ಈ ಲೆಕ್ಕದಿಂದಲೇ ಹುಟ್ಟಿದ್ದು.

ನಮ್ಮ ದೇಶದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. 10ರಿಂದ 10.9 ಸೌಮ್ಯ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ನಿಮ್ಮ ಮನೆಯ ಇಬ್ಬರೂ ಮಧ್ಯಮದ ಸಾಲಿನಲ್ಲಿದ್ದಾರೆ. ಇದು ನಿಮ್ಮ ಮನೆಗೆ ಮಾತ್ರ ಬಂದ ಕಷ್ಟ ಅಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಶೇ 52.2ರಷ್ಟು ಮಂದಿಗೆ, ಕರ್ನಾಟಕದಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಇನ್ನೊಂದು ಅಂಕಿಯನ್ನೂ ನೋಡಿ. ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59.1ರಷ್ಟು ಮಂದಿಗೆ ರಕ್ತ ಕಡಿಮೆ. ಅವರಲ್ಲಿ ಹೆಚ್ಚಿನವರು ಬಸುರಿಯರಲ್ಲ, ಶಾಲೆ ಕಾಲೇಜಿಗೆ ಹೋಗುವವರು, ಗೇರು ಕಾರ್ಖಾನೆಗೆ, ಅಂಗಡಿ ಕೆಲಸಕ್ಕೆ ಹೋಗುವವರು. ನಿಮ್ಮ ಸೊಸೆ ಎರಡು ವರ್ಷದ ಹಿಂದೆ ಅವರಲ್ಲಿ ಒಬ್ಬಳಾಗಿದ್ದಳು.

ಚಿಕ್ಕವಳಿಗೇ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ. ಒಂದು ಬಸಿರು ಮುಗಿಯುವಷ್ಟರಲ್ಲಿ ಹೆಣ್ಣಿನ ಮೈ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಕೇಳುತ್ತದೆ. ಅದರಲ್ಲಿ 300ರಷ್ಟು ಮಗುವಿಗೂ ಮಾಸಿಗೂ ಹೋಗುತ್ತದೆ, 500ರಷ್ಟು ತಾಯಿಯದೇ ಹೆಚ್ಚುವರಿ ಕೆಂಪು ರಕ್ತಕಣಗಳಿಗೆ ಬೇಕು, ಉಳಿದದ್ದು ದಿನನಿತ್ಯ ಮೈಯಿಂದ ಹೊರಹೋಗುವುದಕ್ಕೆ ಸರಿಯಾಗುತ್ತದೆ. ಈ ಬೇಡಿಕೆಯ ಬಹುಪಾಲು ಬರುವುದು ಬಸಿರಿನ ಕೊನೆಯ ಅರ್ಧದಲ್ಲಿ. ಹಾಗಾಗಿ ಕೂಡಿಟ್ಟ ಗಂಟು ಇದ್ದವಳು ತಾಳಿಕೊಳ್ಳುತ್ತಾಳೆ, ಇಲ್ಲದವಳು ಸೋಲುತ್ತಾಳೆ. ಹುಡುಗಿಯೊಬ್ಬಳು ಮೈನೆರೆದ ಮೇಲೆ ಮೊದಲ ಕೆಲವು ವರ್ಷ ಮುಟ್ಟು ಹಲವರಲ್ಲಿ ಕ್ರಮ ತಪ್ಪಿ, ಹೆಚ್ಚಾಗಿ ಹೋಗುತ್ತದೆ. ಅದೇ ವರ್ಷಗಳಲ್ಲಿ ಎಲುಬು ಬೆಳೆಯುತ್ತದೆ, ಸ್ನಾಯು ತುಂಬಿಕೊಳ್ಳುತ್ತದೆ, ರಕ್ತದ ಪ್ರಮಾಣವೂ ಹೆಚ್ಚಬೇಕಾಗುತ್ತದೆ. ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿಯಲು ಒಂದು ಲೋಟ ಚಹಾ ಕುಡಿದು ಓಡಿದ ಮಕ್ಕಳ ಮೈಯಲ್ಲಿ ಗಂಟು ಎಲ್ಲಿಂದ ಕೂಡಬೇಕು? ವಾರಕ್ಕೊಂದರಂತೆ ಶಾಲೆಯಲ್ಲಿ ಕೊಟ್ಟ ನೀಲಿ ಮಾತ್ರೆಯನ್ನು ಎಷ್ಟು ಮಂದಿ ನುಂಗಿದರು, ಎಷ್ಟು ಮಂದಿ ಕಿಟಕಿಯಾಚೆ ಎಸೆದರು ಎಂದು ನನ್ನ ಬಳಿ ಬರುವ ಹುಡುಗಿಯರನ್ನು ಕೇಳಿದರೆ ನಕ್ಕು ತಲೆ ತಗ್ಗಿಸುತ್ತಾರೆ.

19ಕ್ಕೆ ಬಸುರಿಯಾದವಳ ಮೈಯಲ್ಲಿ ಬೆಳವಣಿಗೆ ಇನ್ನೂ ಪೂರ್ತಿ ನಿಂತಿರುವುದಿಲ್ಲ. ಒಳಗೆ ಬೆಳೆಯುವ ಮಗುವಿಗೂ ಕೊಡಬೇಕು, ತನ್ನ ಮೈಗೂ ಉಳಿಸಿಕೊಳ್ಳಬೇಕು. ಖಾಲಿ ಡಬ್ಬಿಯಿಂದ ಇಬ್ಬರಿಗೆ ಬಡಿಸಿದ ಹಾಗೆ. ಕಡಿಮೆ ತೂಕದ ಮಗು, ದಿನ ತುಂಬುವ ಮೊದಲೇ ಹೆರಿಗೆ, ಬಸಿರಿನ ರಕ್ತದೊತ್ತಡ, ಇವೆಲ್ಲ ಚಿಕ್ಕ ವಯಸ್ಸಿನ ತಾಯಂದಿರಲ್ಲಿ ಹೆಚ್ಚು. ರಕ್ತಹೀನತೆ ಸೇರಿದರೆ ಇನ್ನೂ ಹೆಚ್ಚು. ಮಗಳ ಕಾರಣ ಬೇರೆ ಇರಬೇಕು. ಮೊದಲ ಹೆರಿಗೆಯಲ್ಲಿ ಹೋದ ರಕ್ತ, ಆಮೇಲಿನ ಮೊಲೆಯೂಡಿಕೆ, ಮುಟ್ಟು, ಈ ನಡುವೆ ಗಂಟು ತುಂಬಿರಲಿಕ್ಕಿಲ್ಲ. ಮೊದಲ ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತೇ, ಮುಟ್ಟಿನಲ್ಲಿ ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತೇ ಎಂದು ಕೇಳಿ, ವೈದ್ಯರಿಗೆ ಅದನ್ನು ತಪ್ಪದೆ ಹೇಳಿ.

ಇನ್ನೊಂದು ವಿಷಯ. ಇದನ್ನು ಬೇಸರ ಮಾಡಿಕೊಳ್ಳದೆ ಓದಬೇಕು. ‘ಇಬ್ಬರಿಗೂ ಅದೇ ಊಟ’ ಎಂದು ಬರೆದಿದ್ದೀರಿ. ಅಡುಗೆ ಒಂದೇ ಆಗಿದ್ದರೂ ಬಟ್ಟಲಿಗೆ ಬಿದ್ದದ್ದು ಒಂದೇ ಆಗಿರುತ್ತದೆಯೇ? ತವರಿಗೆ ಬಂದ ಮಗಳು ಕೇಳಿ ಹಾಕಿಸಿಕೊಳ್ಳುತ್ತಾಳೆ. ಹೊಸದಾಗಿ ಬಂದ ಹತ್ತೊಂಬತ್ತರ ಹುಡುಗಿ ಗಂಡಸರದ್ದು, ನಿಮ್ಮದು, ನಾದಿನಿಯದ್ದು ಆದ ಮೇಲೆ ಕೂರುತ್ತಾಳೆ. ಆಗ ಪಾತ್ರೆಯಲ್ಲಿ ಉಳಿದಿರುವುದು ಸಾರು, ಮೀನಿನ ತುಂಡಲ್ಲ. ನಿಮ್ಮ ಮನೆಯಲ್ಲಿ ಹಾಗೆ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸೊಸೆಯ ರಕ್ತದ ಬಗ್ಗೆ ಪತ್ರ ಬರೆದ ಅತ್ತೆ ನೀವು, ನಿಮಗೆ ಕಾಳಜಿ ಇದೆ. ಆದರೂ ನಾಳೆ ಮಧ್ಯಾಹ್ನ ಅವಳ ಬಟ್ಟಲನ್ನು ಒಮ್ಮೆ ನೋಡಿ. ಅಕ್ಕಿ ಕೇರುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾಳೆಯೇ, ಗೋಡೆಯ ಸುಣ್ಣ, ಮಣ್ಣು, ಬಳಪದ ಮೇಲೆ ಆಸೆ ಇದೆಯೇ ಎಂದು ಮೆಲ್ಲಗೆ ಕೇಳಿ. ಅದನ್ನು ಬಸುರಿಯ ಬಯಕೆ ಎಂದು ಬಿಡುವವರುಂಟು. ಬಹಳ ಸಲ ಅದು ಕಬ್ಬಿಣದ ಕೊರತೆಯ ಗುರುತು.

ಈಗ ಬೀಟ್‌ರೂಟಿನ ಮಾತು. ಕೆಂಪಗಿರುವುದರಿಂದ ರಕ್ತ ಹೆಚ್ಚಿಸುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಆದರೆ ಆ ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧ ಇಲ್ಲ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ತಿನ್ನಲಿ, ಹಣ್ಣು ತರಕಾರಿ ಒಳ್ಳೆಯದೇ. ಆದರೆ ದಾಳಿಂಬೆಗೆ ಕೊಡುವ ದುಡ್ಡಿನಲ್ಲಿ ನಿಮ್ಮ ಊರಲ್ಲೇ ಇದಕ್ಕಿಂತ ಎಷ್ಟೋ ಒಳ್ಳೆಯದು ಸಿಗುತ್ತದೆ. ನಿಮ್ಮ ಹೊಳೆಯ ಬಳಚು ಇದೆಯಲ್ಲ, ಅದು ಕಬ್ಬಿಣಕ್ಕೂ ಬಿ12 ಜೀವಸತ್ವಕ್ಕೂ ಬಹಳ ಒಳ್ಳೆಯದು. ತಾಜಾ ಇರಬೇಕು, ಚಿಪ್ಪು ಬಾಯಿ ತೆರೆಯುವವರೆಗೆ ಚೆನ್ನಾಗಿ ಬೇಯಬೇಕು, ಬಾಯಿ ತೆರೆಯದ್ದನ್ನು ಎಸೆಯಬೇಕು. ಬಂಗಡೆ, ತಾರಲೆಯಂಥ ಸಣ್ಣ ಮೀನು ತಿನ್ನಬಹುದು. ಮೀನು ಮಾಂಸದಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಅಷ್ಟೇ ಅಲ್ಲ, ಅದೇ ಊಟದಲ್ಲಿರುವ ಸೊಪ್ಪಿನ ಕಬ್ಬಿಣ ಒಳಗೆ ಹೋಗುವುದಕ್ಕೂ ಮೀನು ನೆರವಾಗುತ್ತದೆ. ಅಂದ ಮೇಲೆ ಹರಿವೆ ಪಲ್ಯವೂ ಬಂಗಡೆ ಸಾರೂ ಒಂದೇ ಹೊತ್ತಿನಲ್ಲಿ ಇರಲಿ. ವಾರಕ್ಕೊಮ್ಮೆ ಸ್ವಲ್ಪ ಕೋಳಿಯ ಈಲಿ ಕೊಟ್ಟರೆ ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚು ಬೇಡ. ಅದರಲ್ಲಿ ಎ ಜೀವಸತ್ವ ವಿಪರೀತ ಇದೆ, ಬಸುರಿಗೆ ಅತಿಯಾದರೆ ಮಗುವಿಗೆ ಒಳ್ಳೆಯದಲ್ಲ.

ಆದರೆ ನಿಮ್ಮ ಸೊಸೆಯ ಹೆರಿಗೆ ಬರುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವುದಿಲ್ಲ, ಮನೆಗೆ ತಾಜಾ ಮೀನು ಬರುವುದು ಕಡಿಮೆಯಾಗುತ್ತದೆ. ಒಣಮೀನಿನ ಮೇಲೆ ನಿಂತರೆ ಉಪ್ಪು ಜಾಸ್ತಿ, ರಕ್ತದೊತ್ತಡ ಇದ್ದವರಿಗೆ ಅದು ತೊಂದರೆ. ಆ ಎರಡು ತಿಂಗಳು ಮೊಟ್ಟೆ, ಹುರಳಿ, ಮೊಳಕೆ ಬಂದ ಹೆಸರು, ಅಳಸಂದೆ, ಹಿತ್ತಿಲ ನುಗ್ಗೆ ಸೊಪ್ಪು, ಬಸಳೆ ಬಳಸಿ. ಅಂಗನವಾಡಿಯಲ್ಲಿ ಬಸುರಿಯರಿಗೆ ಸಿಗುವ ಆಹಾರವನ್ನು ಬಿಡಬೇಡಿ, ಅದು ಅವಳ ಹಕ್ಕು. ಕಾಳು ಸೊಪ್ಪಿನ ಮೇಲೆ ಲಿಂಬೆ ಹಿಂಡುವುದು ಊಟಕ್ಕೆ ಕೂತ ಮೇಲೆ ಆಗಬೇಕು. ಕುದಿಯುವಾಗಲೇ ಹಿಂಡಿದರೆ ಸಿ ಜೀವಸತ್ವ ಕಾವಿಗೆ ಹಾಳಾಗುತ್ತದೆ. ನೆಲ್ಲಿಕಾಯಿ, ಪೇರಲೆ ಸಿಕ್ಕರೆ ಕೊಡಿ. ದೋಸೆಯನ್ನು ನಾನ್‌ಸ್ಟಿಕ್ ಬಿಟ್ಟು ಹಳೆಯ ಕಬ್ಬಿಣದ ಕಾವಲಿಯಲ್ಲಿ ಹೊಯ್ಯಿರಿ, ಹುಳಿ ಹಿಟ್ಟಿಗೆ ಅದರಿಂದ ಸ್ವಲ್ಪ ಕಬ್ಬಿಣ ಸೇರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಊಟದ ಬೆನ್ನಿಗೆ ಕುಡಿಯುವ ಚಹಾ ನಿಲ್ಲಬೇಕು. ಚಹಾದ ಒಗರು ಸೊಪ್ಪು ಕಾಳುಗಳ ಕಬ್ಬಿಣವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಕಾಫಿಯೂ ಹಾಗೆಯೇ. ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ತಾಸು ಬಿಡಿ.

ಇಷ್ಟೆಲ್ಲ ಮಾಡಿದರೂ ಊಟ ಒಂದರಿಂದಲೇ 8.4 ಎಂಬುದು 11 ಆಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳದಿದ್ದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ದಿನಕ್ಕೆ ಐದಾರು ಮಿಲಿಗ್ರಾಂ ಕಬ್ಬಿಣ ರಕ್ತಕ್ಕೆ ಸೇರಬೇಕು. ತಿಂದದ್ದರಲ್ಲಿ ಅಲ್ಲ, ಒಳಗೆ ಹೀರಿಕೊಂಡದ್ದರಲ್ಲಿ. ನಮ್ಮ ಅನ್ನ ಸೊಪ್ಪಿನ ಊಟದಲ್ಲಿ ಇರುವ ಕಬ್ಬಿಣದ ಹತ್ತನೆಯ ಒಂದು ಪಾಲು ಒಳಗೆ ಹೋದರೂ ದೊಡ್ಡದು. ಅದಕ್ಕೇ ಕೆಂಪು ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ರಕ್ತಹೀನತೆ ಇಲ್ಲದವರಿಗೂ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೊಡುವುದು 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಕ್ರಮ. ಸೌಮ್ಯ, ಮಧ್ಯಮ ರಕ್ತಹೀನತೆ ಇದ್ದರೆ ದಿನಕ್ಕೆ ಎರಡು. ನಿಮ್ಮ ಸೊಸೆಗೂ ಎರಡೇ ಬೇಕಾಗಬಹುದು, ಆದರೆ ಆ ಮಾತು ವೈದ್ಯರ ಬಾಯಿಂದಲೇ ಬರಲಿ.

ವಾಂತಿ ಬರುತ್ತದೆ ಎಂದು ಬಿಡುವ ಬದಲು ತೆಗೆದುಕೊಳ್ಳುವ ರೀತಿ ಬದಲಿಸಿ. ಕಬ್ಬಿಣ ಚೆನ್ನಾಗಿ ಹೀರುವುದು ಖಾಲಿ ಹೊಟ್ಟೆಯಲ್ಲಿ, ಆದರೆ ಹೊಟ್ಟೆ ತೊಳಸುವವರಿಗೆ ಬೆಳಿಗ್ಗೆ ಎದ್ದ ಕೂಡಲೆ ಬೇಡವೇ ಬೇಡ. ರಾತ್ರಿ ಊಟವಾಗಿ ಒಂದು ತಾಸು ಕಳೆದ ಮೇಲೆ, ಮಲಗುವ ಮುಂಚೆ, ಲಿಂಬೆ ಹಿಂಡಿದ ನೀರಿನ ಜೊತೆ ನುಂಗಲಿ. ತೊಳಸುವಿಕೆ ನಿದ್ದೆಯಲ್ಲಿ ಕಳೆದುಹೋಗುತ್ತದೆ. ಅದಕ್ಕೂ ಆಗದಿದ್ದರೆ ಒಂದು ವಾರ ಊಟದ ಜೊತೆಯೇ ತೆಗೆದುಕೊಳ್ಳಲಿ. ಸ್ವಲ್ಪ ಕಡಿಮೆ ಹೀರಿದರೂ ನುಂಗದೆ ಇರುವುದಕ್ಕಿಂತ ಮೇಲು. ಎರಡು ಬರೆದಿದ್ದರೆ ಮೊದಲ ಕೆಲ ದಿನ ಒಂದರಿಂದ ಶುರು ಮಾಡಬಹುದೇ ಎಂದು ಕೇಳಿ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ. ಕ್ಯಾಲ್ಸಿಯಂ ಹಗಲಿನ ಊಟದ ಜೊತೆಗೆ, ಕಬ್ಬಿಣ ರಾತ್ರಿಗೆ. ಹಾಲು, ಎದೆಯುರಿಯ ಮಾತ್ರೆ ಇವೂ ಕಬ್ಬಿಣದಿಂದ ದೂರ ಇರಲಿ. ಮಲಬದ್ಧತೆಗೆ ನೀರು, ಗಂಜಿ ತೆಳಿ, ನಾರಿರುವ ತರಕಾರಿ. ಮಲ ಕಪ್ಪಗಾಗುವುದು ಹೀರದೆ ಉಳಿದ ಕಬ್ಬಿಣದ ಬಣ್ಣ, ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಮಗುವಿನ ಮೈಬಣ್ಣ ಬರುವುದು ಅಪ್ಪ ಅಮ್ಮನಿಂದ, ಯಾವ ಮಾತ್ರೆಗೂ ಅದನ್ನು ಬದಲಿಸುವ ಶಕ್ತಿ ಇಲ್ಲ. ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದೂ ಸುಳ್ಳು. ನಾವು ಹೆದರಬೇಕಾದ್ದು ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ.

ಮಾತ್ರೆಯ ಸ್ಟ್ರಿಪ್ಪನ್ನು ಮೊಮ್ಮಗನ ಕೈಗೆ ಸಿಗದ ಹಾಗೆ ಎತ್ತರದಲ್ಲಿ ಇಡಿ. ಕೆಂಪು ಬಣ್ಣ ಕಂಡು ಪೆಪ್ಪರ್‌ಮಿಂಟ್ ಅಂದುಕೊಂಡು ನಾಲ್ಕಾರು ತಿಂದರೆ ಮೂರು ವರ್ಷದ ಮಗುವಿನ ಜೀವಕ್ಕೆ ಅಪಾಯ. ಒಂದೇ ತಿಂದಿದ್ದಾನೆ ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಹಲವು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ಘಟ್ಟದ ಕೆಳಗಿನ ಹಳ್ಳಿಯೊಂದರಿಂದ ಒಬ್ಬ ಹುಡುಗಿಯನ್ನು ಹೆರಿಗೆಗೆ ಕರೆತಂದರು. ನಿಮ್ಮ ಸೊಸೆಯ ವಯಸ್ಸೇ ಇರಬೇಕು. ಕೂತಲ್ಲೇ ಏದುಸಿರು, ಮುಖ ಬಾತಿತ್ತು, ಕಣ್ಣೆವೆ ಕೆಳಗೆ ಎಳೆದರೆ ಸುಣ್ಣದ ಬಿಳುಪು. ಹಿಮೋಗ್ಲೋಬಿನ್ 5ರ ಹತ್ತಿರ. ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳು ‘ಮಾತ್ರೆ ಕೊಡಲಾಗಿದೆ’ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಹೆರಿಗೆಯಲ್ಲಿ ಅವಳಿಗೆ ಹೋದ ರಕ್ತ ಬೇರೆಯವರಿಗಾದರೆ ಲೆಕ್ಕಕ್ಕೇ ಬರುವಂಥದ್ದಲ್ಲ, ಅವಳ ಹೃದಯ ಅಷ್ಟನ್ನೂ ತಾಳಲಿಲ್ಲ. ರಾತ್ರಿಯಿಡೀ ರಕ್ತಕ್ಕಾಗಿ ಓಡಾಡಿದೆವು, ಬೆಳಗಿನ ಜಾವ ಅವಳು ಉಳಿದುಕೊಂಡಳು. ಮಗು ಎರಡು ಕಿಲೋಗಿಂತ ಕಡಿಮೆ ಇತ್ತು, ಅದೂ ಉಳಿಯಿತು. ಮೂರು ದಿನ ಬಿಟ್ಟು ಅವಳ ತಾಯಿ ಹೇಳಿದರು, ಮಾತ್ರೆಯೆಲ್ಲ ಅಕ್ಕಿ ಡಬ್ಬದ ಹಿಂದೆ ಹಾಗೆಯೇ ಇವೆ ಎಂದು. ಕೊಟ್ಟಿದ್ದೇವೆ ಎಂದು ಎಲ್ಲರೂ ಬರೆದರು. ನುಂಗಿದೆಯೇನೇ ಮಗಾ ಎಂದು ಯಾರೂ ಕೇಳಲಿಲ್ಲ. ಅವಳನ್ನು ಮೊದಲ ಸಲ ನೋಡಿದ್ದೇ ಆ ರಾತ್ರಿಯಾದರೂ ಆ ಲೋಪ ನನ್ನದೂ ಅನಿಸಿತು, ಯಾಕೆಂದರೆ ನಾನೂ ಎಷ್ಟೋ ಕಾರ್ಡುಗಳ ಮೇಲೆ ಹಾಗೆಯೇ ಗುರುತು ಹಾಕಿ ಮುಂದಿನವರನ್ನು ಕರೆದಿದ್ದೆ. ಅಂದಿನಿಂದ ಮಾತ್ರೆಯ ಖಾಲಿ ಸ್ಟ್ರಿಪ್ ತಂದು ತೋರಿಸಿ ಎನ್ನುತ್ತೇನೆ. ನೀವೂ ಮನೆಯಲ್ಲಿ ಹಾಗೆಯೇ ಮಾಡಿ. ಗದರಿಸುವುದು ಬೇಡ, ರಾತ್ರಿ ಲಿಂಬೆ ನೀರಿನ ಲೋಟವನ್ನು ನೀವೇ ಕೈಗೆ ಕೊಟ್ಟು ಎದುರು ಕೂತುಕೊಳ್ಳಿ. ಅತ್ತೆ ಎದುರು ಕೂತರೆ ಸೊಸೆ ಮಾತ್ರೆ ನುಂಗುತ್ತಾಳೆ, ನನ್ನ ಚೀಟಿಗೆ ಆ ಬಲ ಇಲ್ಲ.

ಮಗಳಿಗೆ ಬಾಟಲಿ ಹಾಕಿಸುವ ವಿಷಯ. ಯಾವ ಬಾಟಲಿ ಎಂಬುದು ಮೊದಲು ಗೊತ್ತಾಗಬೇಕು. ‘ಶಕ್ತಿಗೆ’ ಎಂದು ಹಾಕುವ ಗ್ಲೂಕೋಸ್ ಬಾಟಲಿಯಲ್ಲಿ ಕಬ್ಬಿಣ ಇಲ್ಲ, ಅದರಿಂದ ಒಂದು ಹನಿ ರಕ್ತವೂ ಹೆಚ್ಚುವುದಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ. ಕಬ್ಬಿಣವನ್ನೇ ನರಕ್ಕೆ ಕೊಡುವ ಔಷಧ ಬೇರೆ, ಐರನ್ ಸುಕ್ರೋಸ್ ಮತ್ತು ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್. ಮೊದಲನೆಯದನ್ನು ದಿನ ಬಿಟ್ಟು ದಿನ ಹಲವು ಸಲ ಕೊಡಬೇಕಾಗುತ್ತದೆ, ಎರಡನೆಯದನ್ನು ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೆ ಕೊಡಬಹುದು. ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ. ಮಾತ್ರೆ ತಾಳದವರಿಗೆ, ಸರಿಯಾಗಿ ನುಂಗಿಯೂ ಏರದವರಿಗೆ, ದಿನ ಕಡಿಮೆ ಉಳಿದವರಿಗೆ ಇದು ಒಳ್ಳೆಯ ದಾರಿ. ಅಪರೂಪಕ್ಕೆ ಅಲರ್ಜಿಯಾಗಬಹುದು, ಹಾಗಾಗಿ ಮನೆಯಲ್ಲಾಗಲಿ ಊರಿನ ಸಣ್ಣ ದವಾಖಾನೆಯಲ್ಲಾಗಲಿ ಬೇಡ. ತುರ್ತು ಸೌಕರ್ಯ ಇರುವ ಆಸ್ಪತ್ರೆಯಲ್ಲಿ ಹಾಕಿಸಿ, ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಬೇಕು. ನಿಮ್ಮ ಮಗಳನ್ನು ನಾನು ನೋಡುತ್ತಿದ್ದರೆ ಈ ವಾರವೇ ಅವಳ ಪ್ರಸೂತಿ ತಜ್ಞರೊಂದಿಗೆ ಇದರ ಬಗ್ಗೆ ಮಾತನಾಡಿ ಎನ್ನುತ್ತಿದ್ದೆ. ಎರಡು ಮಾತ್ರೆ ತಪ್ಪದೆ ನುಂಗಿ 34ನೆಯ ವಾರಕ್ಕೆ ಹತ್ತು ಮುಟ್ಟಿದರೆ ಸರಿ, ಮುಟ್ಟದಿದ್ದರೆ ಆಗ ನರದ ಕಬ್ಬಿಣಕ್ಕೆ ತಡಮಾಡಬಾರದು. 7ಕ್ಕಿಂತ ಕೆಳಗಿಳಿದವರ ಮಾತೇ ಬೇರೆ, ಅವರನ್ನು ಆಸ್ಪತ್ರೆಯಲ್ಲಿಟ್ಟು ನೋಡಬೇಕು, 5ಕ್ಕಿಂತ ಕೆಳಗಾದರೆ ರಕ್ತವೇ ಕೊಡಬೇಕಾಗುತ್ತದೆ.

ಪರೀಕ್ಷೆಯ ಬಗ್ಗೆ ಒಂದು ಮಾತು. ಬೆರಳು ಚುಚ್ಚಿ ಒತ್ತಿ ಒತ್ತಿ ತೆಗೆದ ಹನಿಯಲ್ಲಿ ಅಂಕಿ ಅತ್ತಿತ್ತ ಆಗುತ್ತದೆ. ನರದಿಂದ ರಕ್ತ ತೆಗೆದು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಲೆಕ್ಕದ ಪರೀಕ್ಷೆ, ಮಾಡಿಸಿ. ಅದರಲ್ಲಿ ಎಂಸಿವಿ ಎಂಬ ಅಂಕಿ ಇರುತ್ತದೆ, ಕೆಂಪು ಕಣದ ಗಾತ್ರ. ಕಣ ಸಣ್ಣದಿದ್ದರೆ ಕಬ್ಬಿಣದ ಕೊರತೆ ಇರಬಹುದು, ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ಅಳೆಯುವ ಫೆರಿಟಿನ್ ಪರೀಕ್ಷೆ ಅದನ್ನು ಖಚಿತ ಮಾಡುತ್ತದೆ. ಕಣ ಸಣ್ಣದಿದ್ದು, ಮಾತ್ರೆ ನುಂಗಿದರೂ ಏರದಿದ್ದರೆ ಥಲಸ್ಸೀಮಿಯಾ ಮೈನರ್ (ಅಪ್ಪ ಅಮ್ಮನಿಂದ ಬರುವ ರಕ್ತದ ದೋಷದ ಸೌಮ್ಯ ರೂಪ) ಇರಬಹುದೇ ಎಂದು, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರೆ ಮಾಡಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಬೇಕು. ಅದು ಬಂದರೆ ಗಂಡನಿಗೂ ಮಾಡಿಸಬೇಕು, ಇಬ್ಬರಲ್ಲೂ ಇದ್ದರೆ ಮಗುವಿಗೆ ತೀವ್ರ ರೂಪದಲ್ಲಿ ಬರುವ ಸಾಧ್ಯತೆ ಇದೆ. ಜಂತುಹುಳದ ಮಾತ್ರೆ ಅಲ್ಬೆಂಡಜೋಲ್ 400 ಮಿಲಿಗ್ರಾಂ, ಬಸಿರಿನ ನಡುವಿನ ಮೂರು ತಿಂಗಳಲ್ಲಿ ಒಂದು ಸಲ, ಸೊಸೆಗೆ ಕೊಟ್ಟಿದ್ದಾರೆಯೇ ಕೇಳಿ. ನಮ್ಮ ಕರಾವಳಿಯ ಒದ್ದೆ ಮಣ್ಣಿನಲ್ಲಿ, ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಸೇರುತ್ತದೆ, ಕರುಳಿಗೆ ಕಚ್ಚಿಕೊಂಡು ದಿನಾ ರಕ್ತ ಹೀರುತ್ತದೆ. ಹಿತ್ತಿಲಿಗೆ ಹೋಗುವಾಗ ಚಪ್ಪಲಿ ಇರಲಿ.

ಈ ಉತ್ತರವನ್ನು ಶಿರಸಿ, ಸಿದ್ದಾಪುರದ ಸಸ್ಯಾಹಾರಿ ಮನೆಗಳವರೂ ಓದುತ್ತಾರೆ ಎಂಬುದು ನನಗೆ ಗೊತ್ತು. ಅಲ್ಲಿ ಕಬ್ಬಿಣದ ಜೊತೆ ಬಿ12 ಕೊರತೆಯನ್ನೂ ನೆನಪಿಡಬೇಕು. ಬಿ12 ಸಿಗುವುದು ಮೀನು, ಮೊಟ್ಟೆ, ಮಾಂಸ, ಹಾಲು, ಮೊಸರಿನಿಂದ. ಸೊಪ್ಪಿನಲ್ಲಿ ಇಲ್ಲ. ಬಿ12 ಅಥವಾ ಫೋಲೇಟ್ ಕೊರತೆ ಇದ್ದರೆ ಕೆಂಪು ಕಣ ಸಣ್ಣದಾಗುವ ಬದಲು ದೊಡ್ಡದಾಗುತ್ತದೆ. ಆಗ ಎಷ್ಟು ಕಬ್ಬಿಣ ಕೊಟ್ಟರೂ ಏರುವುದಿಲ್ಲ. ಈ ದೊಡ್ಡ ಕಣದ ರಕ್ತಹೀನತೆಯ ಗುಟ್ಟು ಬಿಡಿಸಿದ್ದು ನಮ್ಮಿಂದ ದೂರದಲ್ಲೇನೂ ಅಲ್ಲ, ಮುಂಬೈಯಲ್ಲಿ. 1928ರಲ್ಲಿ ಅಲ್ಲಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಟ್ಟೆ ಗಿರಣಿಯ ಬಡ ಬಸುರಿ ಹೆಂಗಸರನ್ನು ನೋಡಿದರು. ಅವರು ಏನು ತಿನ್ನುತ್ತಾರೆ ಎಂದು ಹುಡುಕಿದರು. ಕಡೆಗೆ ಯೀಸ್ಟಿನ ಸಾರ ಕೊಟ್ಟಾಗ ಅವರ ರಕ್ತ ಏರಿತು. 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಸತ್ವವೇ ಈಗ ನಾವು ಫೋಲಿಕ್ ಆಮ್ಲ ಎಂದು ಕರೆಯುವುದು. ನಿಮ್ಮ ಸೊಸೆಯ ಕೆಂಪು ಮಾತ್ರೆಯಲ್ಲಿ ಆ ಗಿರಣಿ ಹೆಂಗಸರ ಪಾಲೂ ಇದೆ ಎಂದು ನಾನು ಯಾವಾಗಲೂ ಅಂದುಕೊಳ್ಳುತ್ತೇನೆ.

ಮಳೆಗಾಲದ ಹೆರಿಗೆಗೆ ಈಗಲೇ ತಯಾರಿ ಬೇಕು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದ್ದನ್ನು ನೀವು ಮರೆತಿರಲಿಕ್ಕಿಲ್ಲ. ಘಟ್ಟದ ರಸ್ತೆಗಳಂತೂ ಪ್ರತಿ ಆಷಾಢದಲ್ಲೂ ಸಂಶಯವೇ. ಇಬ್ಬರ ರಕ್ತದ ಗುಂಪು ಕಾರ್ಡಿನಲ್ಲಿ ಬರೆದಿದೆಯೇ ನೋಡಿ. ಅದೇ ಗುಂಪಿನ ಇಬ್ಬರು ಮೂವರು ದಾನಿಗಳ ಫೋನ್ ನಂಬರ್ ಬರೆದಿಡಿ. ಹೆರಿಗೆ ಮಾಡಿಸುವ ಆಸ್ಪತ್ರೆಯಲ್ಲಿ ರಕ್ತ ಸಿಗುತ್ತದೆಯೇ, ಇಲ್ಲವೆಂದರೆ ಕಾರವಾರಕ್ಕೋ ಬೇರೆ ಊರಿಗೋ ಎಲ್ಲಿಗೆ ಕಳಿಸುತ್ತಾರೆ ಎಂದು ಮೊದಲೇ ಕೇಳಿ. ಕೊನೆಯ ಎರಡು ವಾರ ಹೊಳೆ ದಾಟಬೇಕಾದ ಜಾಗದಲ್ಲಿ ಇರುವುದು ಬೇಡ, ಪೇಟೆಯ ನೆಂಟರ ಮನೆಯಲ್ಲಿರಲಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಇಬ್ಬರನ್ನೂ ಕರೆದುಕೊಂಡು ಹೋಗಿ. ಕೂತಲ್ಲೇ ಉಸಿರು ಕಟ್ಟುವುದು, ಎದೆ ಹೊಡೆದುಕೊಳ್ಳುವುದು, ತಲೆ ಸುತ್ತಿ ಬೀಳುವುದು, ಮುಖ ಬಾಯುವುದು, ಜೋರು ತಲೆನೋವು, ರಕ್ತ ಕಾಣಿಸುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ.

ಹೆರಿಗೆಯಾದ ಕೂಡಲೆ ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಬಾಣಂತನದಲ್ಲಿ ಪಥ್ಯ ಎಂದು ಸೊಪ್ಪು, ಮೀನು, ಲಿಂಬೆ ಎಲ್ಲ ಬಂದ್ ಮಾಡಿ ಅನ್ನ ಮೆಣಸಿನ ಸಾರಿನಲ್ಲಿ ನಲವತ್ತು ದಿನ ಕಳೆಯುವ ಮನೆಗಳಿವೆ. ಆ ಪಥ್ಯದಲ್ಲಿ ಕಳೆದ ಗಂಟು ತುಂಬುವುದಿಲ್ಲ. ಅದು ಬೇಡ. ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ತಡೆದು ಕತ್ತರಿಸಿದರೆ ಮಗುವಿಗೆ ಆರು ತಿಂಗಳ ತನಕ ಸಾಗುವ ಕಬ್ಬಿಣ ಹೆಚ್ಚು ಸೇರುತ್ತದೆ, ಈಗ ಹೆಚ್ಚಿನ ಕಡೆ ಹಾಗೆಯೇ ಮಾಡುತ್ತಾರೆ, ನೀವೂ ನೆನಪಿಸಿ. ಸೊಸೆಯ ಮುಂದಿನ ಬಸಿರು ಎರಡು ವರ್ಷ ದಾಟಿದ ಮೇಲೆ ಬರಲಿ, ಮೂರಾದರೆ ಇನ್ನೂ ಒಳ್ಳೆಯದು. ಅದಕ್ಕೆ ಬೇಕಾದ ಕಾಪರ್ ಟಿ, ಅಂತರ ಚುಚ್ಚುಮದ್ದು, ಛಾಯಾ ಮಾತ್ರೆ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತ. ಮಗನನ್ನೂ ಕೂರಿಸಿಕೊಂಡು ಈ ಮಾತು ಆಡಿ.

ಹದಿನೆಂಟು ತುಂಬದ ಹುಡುಗಿ ಬಸುರಿಯಾಗಿರುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಎರಡು ಮಾತು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಆಸ್ಪತ್ರೆಯವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ನಿಜ. ಆ ಹೆದರಿಕೆಗೆ ಹುಡುಗಿಯನ್ನು ಕೊನೆಯ ತಿಂಗಳವರೆಗೆ ಬಚ್ಚಿಟ್ಟರೆ ಕಳೆದುಕೊಳ್ಳುವುದು ಅವಳನ್ನೇ. ಚಿಕಿತ್ಸೆಯನ್ನು ಯಾವ ಆಸ್ಪತ್ರೆಯೂ ನಿರಾಕರಿಸುವಂತಿಲ್ಲ. ಕರೆದುಕೊಂಡು ಬನ್ನಿ.

ಅಮ್ಮ, ಈ ರಾತ್ರಿಯಿಂದಲೇ ಶುರು ಮಾಡಿ. ನಾಲ್ಕು ವಾರ ಬಿಟ್ಟು ಇಬ್ಬರ ಸಿಬಿಸಿ ಮಾಡಿಸಿ, ಆ ಎರಡು ಅಂಕಿಗಳನ್ನೂ ಖಾಲಿಯಾದ ಸ್ಟ್ರಿಪ್‌ಗಳ ಲೆಕ್ಕವನ್ನೂ ನನಗೆ ಬರೆದು ಕಳಿಸಿ.